ಟೆಸ್ಟ್ ಡೇಟಾದಲ್ಲಿ ಹೊನ್ನಮ್ಮ ಯಾಕಿಲ್ಲ?

ಎಂಜಿನಿಯರಿಂಗ್ ಮುಗಿಸಿ ಕೆಲಸಕ್ಕೆ ಸೇರಿದ ಹೊಸತು. ಟೀಮ್ ಲೀಡ್ ಒಂದು ಫೈಲ್ ಕಳಿಸಿ, 'ಟೆಸ್ಟಿಂಗ್‌ಗೆ ಇದನ್ನೇ ಹಾಕ್ಕೋ' ಅಂದ್ರು. ತೆರೆದು ನೋಡಿದರೆ ನಿಜವಾದ ಗ್ರಾಹಕರ ಹೆಸರು, ಮೊಬೈಲ್ ನಂಬರ್, ಮನೆ ವಿಳಾಸ. ತಪ್ಪು ಅಂತ ಆಗ ಹೊಳೆಯಲೇ ಇಲ್ಲ. ಆ ಫೈಲ್ ತಿಂಗಳುಗಟ್ಟಲೆ ನನ್ನ ಲ್ಯಾಪ್‌ಟಾಪ್‌ನಲ್ಲೇ ಬಿದ್ದಿತ್ತು.

ಈ ಅಭ್ಯಾಸಕ್ಕೆ ಈಗ ಕಾನೂನಿನ ಬಿಸಿ ತಟ್ಟಲಿದೆ. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿದ್ದು 2023ರಲ್ಲಿ, ನಿಯಮಗಳು ಬಂದಿದ್ದು 2025ರ ನವೆಂಬರ್‌ನಲ್ಲಿ. ಕಂಪನಿಗಳ ಮುಖ್ಯ ಹೊಣೆಗಳು ಜಾರಿಯಾಗಲು ಅಲ್ಲಿಂದ 18 ತಿಂಗಳು. ಸರಿಯಾದ ಭದ್ರತೆ ಇಲ್ಲದೆ ಮಾಹಿತಿ ಸೋರಿದರೆ 250 ಕೋಟಿ ರೂಪಾಯಿವರೆಗೆ ದಂಡ. 'ಅದು ಬರೀ ಟೆಸ್ಟ್ ಸರ್ವರ್' ಅನ್ನೋ ನೆಪ ಇಲ್ಲಿ ನಡೆಯಲ್ಲ. (ಸರ್ಕಾರ ಮಾತ್ರ ತನಗೆ ಧಾರಾಳ ವಿನಾಯಿತಿ ಇಟ್ಟುಕೊಂಡಿದೆ. ಅದು ಬೇರೆ ಜಗಳ.)

ಹಾಗಾದರೆ ಡೇಟಾ ಎಲ್ಲಿಂದ? ಉತ್ತರ ಪುಕ್ಕಟೆ ಸಿಗುತ್ತೆ. ಪೈಥಾನ್‌ನ 'ಫೇಕರ್' ಥರದ ಓಪನ್ ಸೋರ್ಸ್ ಟೂಲ್‌ಗೆ ಟರ್ಮಿನಲ್‌ನಲ್ಲಿ ಒಂದೇ ಸಾಲಿನ ಕಮಾಂಡ್ ಕೊಟ್ಟರೆ ಸಾವಿರಾರು ಸುಳ್ಳು ಮನುಷ್ಯರು ಹುಟ್ಟಿಕೊಳ್ಳುತ್ತಾರೆ. ಒಂದೇ 'ಸೀಡ್' ಸಂಖ್ಯೆ ಕೊಟ್ಟರೆ ಪ್ರತಿ ಸಲವೂ ಅವರೇ ಬರುತ್ತಾರೆ. ಹಾಗಾಗಿ ನಿನ್ನೆ ಸಿಕ್ಕ ಬಗ್ ಇವತ್ತು ತಪ್ಪಿಸಿಕೊಳ್ಳಲ್ಲ. ಯಾರ ಖಾಸಗಿತನಕ್ಕೂ ಧಕ್ಕೆ ಇಲ್ಲ.

ತೊಂದರೆ ಶುರುವಾಗೋದು ಆ ಸುಳ್ಳು ಮನುಷ್ಯರ ಮುಖ ನೋಡಿದಾಗ. 'ಭಾರತ' ಅಂತ ಆರಿಸಿದರೂ ಬರುವುದು ಹೆಚ್ಚಾಗಿ ಒಂದು ಮೊದಲ ಹೆಸರು, ಒಂದು ಸರ್‌ನೇಮ್. ನಮ್ಮ ಪಹಣಿ ತೆಗೆದು ನೋಡಿ. 'ಹೊನ್ನಮ್ಮ ಕೋಂ ಲೇಟ್ ಸಿದ್ದಪ್ಪ' ಅಂತಿರುತ್ತೆ, 'ಬಿನ್' ಇರುತ್ತೆ, 'ಉರುಫ್' ಇರುತ್ತೆ. ಅದೇ ಹೊನ್ನಮ್ಮ ಆಧಾರ್‌ನಲ್ಲಿ ಬರೀ ಹೊನ್ನಮ್ಮ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಎಸ್. ಹೊನ್ನಮ್ಮ. ಸರ್‌ನೇಮ್ ಕಡ್ಡಾಯ ಅನ್ನೋ ಫಾರ್ಮ್ ಮುಂದೆ ಆಕೆ ಏನು ಬರೀಬೇಕು? ಹುಟ್ಟಿದ ದಿನದ್ದೂ ಇದೇ ಕತೆ. ಟೂಲ್ ಸಾಮಾನ್ಯವಾಗಿ ವರ್ಷದ 365 ದಿನಕ್ಕೂ ಸಮನಾಗಿ ಹಂಚುತ್ತೆ. ಆದರೆ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದ ಜೂನ್ 1 ಎಷ್ಟು ಮನೆಗಳಲ್ಲಿಲ್ಲ? ಹೆಸರು ಮತ್ತು ಹುಟ್ಟಿದ ದಿನ ಸೇರಿಸಿ ಒಬ್ಬರನ್ನು ಗುರುತಿಸುವ ಸಾಫ್ಟ್‌ವೇರ್ ಟೆಸ್ಟ್‌ನಲ್ಲಿ ಪಾಸಾಗಿ, ಇಬ್ಬರು ಮಂಜುನಾಥರ ಊರಲ್ಲಿ ಫೇಲ್ ಆಗುತ್ತೆ.

ಕನ್ನಡ ಲಿಪಿಯದ್ದು ಇನ್ನೊಂದು ಗೋಳು. 'ಕ್ಷ' ಕಣ್ಣಿಗೆ ಒಂದಕ್ಷರ, ಯೂನಿಕೋಡ್‌ನಲ್ಲಿ ಮೂರು ಸಂಕೇತ, ಯುಟಿಎಫ್-8ರಲ್ಲಿ ಒಂಬತ್ತು ಬೈಟ್. 'ರಾಜ್‌ಕುಮಾರ್' ಎಂದು ಬರೆಯುವಾಗ ಜ್ ಮತ್ತು ಕ ನಡುವೆ ಕಣ್ಣಿಗೆ ಕಾಣದ ಒಂದು ಸಂಕೇತ ಇರುತ್ತೆ. ಒಬ್ಬ ಆಪರೇಟರ್ ಅದನ್ನು ಹಾಕಿ, ಇನ್ನೊಬ್ಬ ಬಿಟ್ಟರೆ ಕಂಪ್ಯೂಟರ್ ಪಾಲಿಗೆ ಇಬ್ಬರು ಬೇರೆ ಬೇರೆ ಮನುಷ್ಯರು. ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿ ಟೆಸ್ಟ್ ಮಾಡಿದವರಿಗೆ ಇದು ಯಾವತ್ತೂ ಕಾಣಲ್ಲ.

ಇದು ಎಂಜಿನಿಯರ್‌ಗಳ ಒಳಜಗಳ ಅಲ್ಲ. ಗೃಹಲಕ್ಷ್ಮಿಯ 2,000 ರೂಪಾಯಿ ಬಾರದೆ, ದಾಖಲೆಗಳಲ್ಲಿ ಹೆಸರು ತಾಳೆಯಾಗದೆ ಸೇವಾ ಕೇಂದ್ರಕ್ಕೂ ಬ್ಯಾಂಕಿಗೂ ಅಲೆದ ಹೆಂಗಸರನ್ನು ನಾವೆಲ್ಲ ನೋಡಿದ್ದೇವೆ. ಎಲ್ಲಕ್ಕೂ ಟೆಸ್ಟಿಂಗ್ ಕಾರಣ ಅಂತ ನಾನು ಹೇಳುತ್ತಿಲ್ಲ. ಆದರೆ ತಿದ್ದಿಸಿಕೊಂಡು ಬರುವ ಖರ್ಚು, ಬಸ್ ಚಾರ್ಜು, ಆ ದಿನದ ಕೂಲಿ ಎಲ್ಲ ಬೀಳೋದು ಆಕೆಯ ತಲೆ ಮೇಲೆ. ಫಾರ್ಮ್ ಬರೆದವನಿಗೆ ಏನೂ ಆಗಲ್ಲ.

'ಹಾಗಿದ್ರೆ ನಿಜವಾದ ಡೇಟಾದಿಂದಲೇ ಕಲಿತು ನಕಲಿ ಮಾಡೋಣ' ಅನ್ನುವವರೂ ಇದ್ದಾರೆ. ಹುಷಾರು. ಒಂದು ಸಣ್ಣ ಊರು, ಅಪರೂಪದ ಹೆಸರು, ವಯಸ್ಸು ಸೇರಿದರೆ 'ನಕಲಿ' ವ್ಯಕ್ತಿ ಯಾರೆಂದು ಪಕ್ಕದ ಮನೆಯವರು ಹೇಳಿಬಿಡಬಲ್ಲರು. ಅದಕ್ಕಿಂತ, ಗೊತ್ತಿರುವ ತೊಡಕುಗಳನ್ನು ಕೈಯಾರೆ ಪಟ್ಟಿ ಮಾಡಿ ಟೂಲ್‌ಗೆ ಸೇರಿಸುವುದು ವಾಸಿ: ಒಂಟಿ ಹೆಸರು, ಮೂರು ಇನಿಷಿಯಲ್, ಕೋಂ, ಬಿನ್, ಜೂನ್ 1, ಕಾಣದ ಸಂಕೇತ.

ಸರ್ಕಾರಿ ಆ್ಯಪ್‌ಗಳ ಟೆಂಡರ್‌ನಲ್ಲಿ ಇಂಥ ಪಟ್ಟಿಯ ಮೇಲೆ ಟೆಸ್ಟ್ ಮಾಡಬೇಕು ಎಂಬ ಷರತ್ತು ಹಾಕಲಿ, ಫಲಿತಾಂಶವನ್ನು ಎಲ್ಲರಿಗೂ ಕಾಣುವಂತೆ ಇಡಲಿ. ಪಟ್ಟಿಯಲ್ಲಿರುವವರೆಲ್ಲ ಸುಳ್ಳು ಮನುಷ್ಯರೇ ಆದ್ದರಿಂದ 'ಗೌಪ್ಯ' ಎಂದು ಮುಚ್ಚಿಡಲು ಅದರಲ್ಲಿ ಏನೂ ಇರುವುದಿಲ್ಲ.