ಭಯಕ್ಕೆ ‘ನಾಳೆ ಬಾ’ ಎಂದು ಬರೆದರೆ ಸಾಕೇ?

ಕಳೆದ ಡಿಸೆಂಬರ್‌ನ ಒಂದು ಶನಿವಾರ ಸಂಜೆ ಹದಿನಾರು ವರ್ಷದ ನನ್ನ ಮಗ ಅಡುಗೆಮನೆಯ ಬಾಗಿಲಲ್ಲಿ ಬಂದು ನಿಂತ. "ಅಪ್ಪ, ಸ್ವಲ್ಪ ಹೊತ್ತು ನನ್ನ ರೂಮಿಗೆ ಬಂದು ಕೂತ್ಕೋತೀಯಾ?" ಎಂದು ಕೇಳಿದ. ಮೀಸೆ ಮೂಡುತ್ತಿರುವ ಹುಡುಗ. ಅವನ ಕೋಣೆಗೆ ನಾವು ಕಾಲಿಟ್ಟರೆ ಸಾಕು, ಮುಖ ಗಂಟಿಕ್ಕುತ್ತಾನೆ. ಏನಾಯಿತೋ ಎಂದು ಗಾಬರಿಯಿಂದ ವಿಚಾರಿಸಿದೆ. "ಗೇಮ್ ಆಡ್ತಾ ಇದ್ದೀನಿ, ಭಯ ಆಗ್ತಿದೆ. ನೀನೇನೂ ಮಾತಾಡೋದು ಬೇಡ, ಸುಮ್ನೆ ಕೂತಿದ್ರೆ ಸಾಕು" ಎಂದ.

ನಾವಿರುವ ಅಬ್‌ಸ್ಟಾಟ್ ಜರ್ಮನಿಯ ನೈಋತ್ಯದಲ್ಲಿ, ಹೈಲ್‌ಬ್ರಾನ್ ನಗರದ ಸಮೀಪದ ಸಣ್ಣ ಊರು. ಗುಡ್ಡದ ಮೇಲೆ ವಿಲ್ಡೆಕ್ ಕೋಟೆ, ಅದರ ಸುತ್ತ ದ್ರಾಕ್ಷಿ ತೋಟಗಳು, ಕೆಳಗೆ ಷೋಜಾಕ್ ಎಂಬ ಪುಟ್ಟ ಹೊಳೆ. ಬಾಷ್ ಕಂಪನಿಯ ದೊಡ್ಡ ಎಂಜಿನಿಯರಿಂಗ್ ಕೇಂದ್ರ ಇಲ್ಲಿರುವುದರಿಂದ ಬೆಂಗಳೂರಿನ ಅನೇಕರು ಈ ಹೆಸರನ್ನು ಕೇಳಿರಬಹುದು. ನಾನು ಕೆಲಸ ಮಾಡುತ್ತಿದ್ದುದು ಅಲ್ಲಲ್ಲ, ಹೈಲ್‌ಬ್ರಾನ್‌ನ ಒಂದು ಸಣ್ಣ ಕಂಪನಿಯಲ್ಲಿ. ಡಿಸೆಂಬರ್‌ನಲ್ಲಿ ಇಲ್ಲಿ ಬೆಳಗಿನ ಎಂಟು ಗಂಟೆಯ ನಂತರ ಸೂರ್ಯ ಮೂಡುತ್ತಾನೆ, ಸಂಜೆ ನಾಲ್ಕೂವರೆಗೆಲ್ಲ ಮುಳುಗುತ್ತಾನೆ. ಆ ದೀರ್ಘ ಕತ್ತಲೆಯಲ್ಲಿ ಮಕ್ಕಳು ಪರದೆಯ ಮುಂದೆ ಕೂರುವುದು ಸಹಜ. ಆದರೆ ಕತ್ತಲು ಸಾಲದೆಂಬಂತೆ ಇನ್ನಷ್ಟು ಕತ್ತಲಿನ ಆಟವನ್ನೇ ಆರಿಸಿಕೊಳ್ಳುವುದು ಏಕೆ ಎಂಬುದು ನನಗೆ ಅರ್ಥವಾಗಿರಲಿಲ್ಲ.

ಅವನು ಆಡುತ್ತಿದ್ದುದು ‘ಅಮ್ನೇಷಿಯಾ: ದಿ ಡಾರ್ಕ್ ಡಿಸೆಂಟ್’ ಎಂಬ ಆಟ. ಸ್ವೀಡನ್ನಿನ ಫ್ರಿಕ್ಷನಲ್ ಗೇಮ್ಸ್ 2010ರಲ್ಲಿ ಹೊರತಂದದ್ದು. ಕಥೆ ನಡೆಯುವುದು 1839ರಲ್ಲಿ, ಪ್ರಷ್ಯಾದ ಒಂದು ಕಾಲ್ಪನಿಕ ಕೋಟೆಯೊಳಗೆ. ನೆನಪು ಕಳೆದುಕೊಂಡ ಡ್ಯಾನಿಯಲ್ ಎಂಬ ಯುವಕ ಅಲ್ಲಿ ಕಣ್ಣು ಬಿಡುತ್ತಾನೆ. ಅವನ ಕೈಯಲ್ಲಿ ಆಯುಧವಿಲ್ಲ. ಭೂತ ಎದುರಾದರೆ ಓಡಬೇಕು ಇಲ್ಲವೇ ಅಡಗಬೇಕು. ದೀಪ ಹಚ್ಚಿದರೆ ಭೂತದ ಕಣ್ಣಿಗೆ ಬೀಳುತ್ತಾನೆ. ದೀಪವಾರಿಸಿ ಕತ್ತಲಲ್ಲಿ ಕುಳಿತರೆ ಅವನ ಮನಃಸ್ಥಿಮಿತವೇ ಕದಡುತ್ತದೆ. ದೀಪದ ಎಣ್ಣೆಗೂ ಮಿತಿಯಿದೆ. ಅರ್ಧ ಗಂಟೆ ಮಗನ ಪಕ್ಕ ಕುಳಿತ ನಾನು ಭೂತವನ್ನು ಕಂಡದ್ದು ಒಮ್ಮೆ ಮಾತ್ರ, ಅದೂ ಬಾಗಿಲ ಸಂದಿನಲ್ಲಿ. ಉಳಿದ ಹೊತ್ತೆಲ್ಲ ಹಲಗೆ ಕಿರುಗುಟ್ಟುವ ಸದ್ದು, ದೂರದಲ್ಲಿ ಯಾರೋ ಕಾಲೆಳೆದು ನಡೆಯುವ ಸದ್ದು, ಅಷ್ಟೆ. ಆದರೂ ನನ್ನ ಅಂಗೈ ಬೆವತಿತ್ತು.

"ಇಷ್ಟು ಭಯ ಪಡೋದಾದ್ರೆ ಆಡೋದಾದ್ರೂ ಯಾಕೆ? ಆರಿಸಿಬಿಡು" ಎಂದು ಹೇಳಲು ಬಾಯಿ ತೆರೆದವನು ಸುಮ್ಮನಾದೆ. ನಲವತ್ತು ವರ್ಷದ ಹಿಂದಿನ ಒಂದು ರಾತ್ರಿ ನೆನಪಾಯಿತು.

ಸಾಗರದ ಹತ್ತಿರದ ನಮ್ಮೂರಿನ ಗದ್ದೆಬಯಲಲ್ಲಿ ಅಂದು ಯಕ್ಷಗಾನವಿತ್ತು. ಹಿಡಿದ ತೆರೆಯ ಹಿಂದಿನಿಂದ ಬಣ್ಣದ ವೇಷದ ರಾಕ್ಷಸ ಅಬ್ಬರಿಸಿದಾಗ ನಾನು ಅಜ್ಜನ ಪಂಚೆಯೊಳಗೆ ಮುಖ ಹುದುಗಿಸಿದ್ದೆ. ಕಿರೀಟದ ತುದಿ ಮಾತ್ರ ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. ಹೆದರಿಕೆಯ ಮೂಲವೇ ಅದು. ಅಜ್ಜ ನನ್ನನ್ನು ಮನೆಗೆ ಕರೆದೊಯ್ಯಲಿಲ್ಲ, ಹೆದರುಪುಕ್ಕಲನೆಂದು ಗದರಲೂ ಇಲ್ಲ. ಬೆನ್ನ ಮೇಲೆ ಕೈಯಿಟ್ಟು ಕುಳಿತಿದ್ದರು. ರಾಕ್ಷಸ ಒಳಗೆ ಹೋದ ಮೇಲೆ ನನ್ನನ್ನು ಚೌಕಿಗೆ ಕರೆದುಕೊಂಡು ಹೋದರು. ಅಲ್ಲಿ ಅದೇ ರಾಕ್ಷಸ ಕಿರೀಟ ತೆಗೆದಿಟ್ಟು, ಮುಖದ ಬಣ್ಣ ಹಾಳಾಗದಂತೆ ತುಟಿ ಮುಂದೆ ಮಾಡಿ ಚಹಾ ಕುಡಿಯುತ್ತಿದ್ದ. ಮುಂದಿನ ವರ್ಷ ಆಟ ನೋಡಲು ಮೊದಲು ಹೊರಟು ನಿಂತವನು ನಾನೇ.

ಭಯವನ್ನು ಬೇಕೆಂದೇ ಅನುಭವಿಸುವುದು ಹಾಗಾಗಿ ಜರ್ಮನಿಯಲ್ಲಿ ಬೆಳೆದ ಮಕ್ಕಳ ಹೊಸ ಚಟವೇನೂ ಅಲ್ಲ. ಡೆನ್ಮಾರ್ಕ್‌ನ ಓರ್ಹುಸ್ ವಿಶ್ವವಿದ್ಯಾಲಯದ ಸಂಶೋಧಕರು ಭೂತಬಂಗಲೆಯ ಮಾದರಿಯ ಒಂದು ಮನರಂಜನಾ ತಾಣಕ್ಕೆ ಬಂದ 110 ಮಂದಿಯ ಹೃದಯ ಬಡಿತವನ್ನು ಅಳೆದು, 2020ರಲ್ಲಿ ವರದಿ ಪ್ರಕಟಿಸಿದರು. ತೀರ ಕಡಿಮೆ ಹೆದರಿದವರಿಗೂ ಖುಷಿಯಾಗಿರಲಿಲ್ಲ, ವಿಪರೀತ ಹೆದರಿದವರಿಗೂ ಆಗಿರಲಿಲ್ಲ. ಸಂತೋಷವಿದ್ದದ್ದು ಇವೆರಡರ ನಡುವಿನ ಹದದಲ್ಲಿ. ನೆದರ್ಲೆಂಡ್ಸ್‌ನ ರಾಡ್‌ಬೌಡ್ ವಿಶ್ವವಿದ್ಯಾಲಯದವರು ಆತಂಕದಿಂದ ಬಳಲುವ ಮಕ್ಕಳಿಗಾಗಿ ‘ಮೈಂಡ್‌ಲೈಟ್’ ಎಂಬ ಆಟವನ್ನು ಪರೀಕ್ಷಿಸಿದ್ದಾರೆ. ಅದರಲ್ಲಿ ಮಗುವಿನ ತಲೆಗೆ ತೊಡಿಸಿದ ಪಟ್ಟಿ ಮಿದುಳಿನ ಅಲೆಗಳನ್ನು ಗ್ರಹಿಸುತ್ತದೆ. ಮಗು ಶಾಂತವಾದಷ್ಟೂ ಆಟದ ಕತ್ತಲ ಮನೆಯಲ್ಲಿ ಬೆಳಕು ಹೆಚ್ಚುತ್ತದೆ. ಉಸಿರನ್ನು ಹಿಡಿತಕ್ಕೆ ತರುವ ವಿದ್ಯೆಯನ್ನು ನಮ್ಮ ಹಿರಿಯರು ಬೇರೆ ಹೆಸರಿನಲ್ಲಿ ಕಲಿಸುತ್ತಿದ್ದರು.

ಹಾಗೆಂದು ಎಲ್ಲ ಆಟಗಳೂ ಎಲ್ಲ ಮಕ್ಕಳಿಗೂ ಸಲ್ಲುತ್ತವೆ ಎಂದು ನಾನು ವಾದಿಸುವುದಿಲ್ಲ. ಮಕ್ಕಳೊಡನೆ ಇಲ್ಲಿಗೆ ಬರುವವರು ತಿಳಿದಿರಬೇಕಾದ ಸಂಗತಿಯೊಂದಿದೆ. ಜರ್ಮನಿಯಲ್ಲಿ ಯುಎಸ್‌ಕೆ ಎಂಬ ಸಂಸ್ಥೆಯ ಮೂಲಕ 1994ರಿಂದ ಆಟಗಳಿಗೆ ವಯಸ್ಸಿನ ಗುರುತು ನೀಡಲಾಗುತ್ತಿದೆ. ಬಿಳಿ ಎಲ್ಲರಿಗೆ, ಹಳದಿ ಆರು ವರ್ಷ ದಾಟಿದವರಿಗೆ, ಹಸಿರು ಹನ್ನೆರಡಕ್ಕೆ, ನೀಲಿ ಹದಿನಾರಕ್ಕೆ, ಕೆಂಪು ಹದಿನೆಂಟಕ್ಕೆ. ‘ಮಗುವಿಗೆ ಇಂಗ್ಲಿಷ್ ಬರುತ್ತದೆ, ಜಾಣ’ ಎಂದು ಹತ್ತು ವರ್ಷದವನ ಕೈಗೆ ಕೆಂಪು ಗುರುತಿನ ಆಟ ಕೊಡುವ ತಂದೆ ತಾಯಂದಿರನ್ನು ನಮ್ಮವರಲ್ಲಿಯೇ ಕಂಡಿದ್ದೇನೆ. ಅದು ತಪ್ಪು. ವಯಸ್ಸು ಸರಿಯಿದ್ದರೂ ನಿದ್ದೆ ಕೆಟ್ಟರೆ, ಒಬ್ಬನೇ ಶೌಚಾಲಯಕ್ಕೆ ಹೋಗಲು ಅಂಜಿದರೆ ಆಟ ನಿಲ್ಲಬೇಕು.

ಮಗ ತಾನೇ ಕಂಡುಕೊಂಡಿರುವ ಉಪಾಯಗಳನ್ನು ನಾನು ಅಂದು ಗಮನಿಸಿದೆ. ಹೆದರಿಕೆ ಮಿತಿ ಮೀರಿದಾಗ ಅವನು ಮೊದಲು ಧ್ವನಿ ತಗ್ಗಿಸುತ್ತಾನೆ, ಏಕೆಂದರೆ ಈ ಆಟಗಳಲ್ಲಿ ಅರ್ಧ ಭಯ ಕಿವಿಯ ಮೂಲಕವೇ ಬರುತ್ತದೆ. ಕೋಣೆಯ ದೀಪ ಹಚ್ಚುತ್ತಾನೆ. ಆಟ ನಿಲ್ಲಿಸಿ ನೀರು ಕುಡಿಯುತ್ತಾನೆ. ಭೂತದ ಬೊಂಬೆಯನ್ನು ತಯಾರಕರು ಹೇಗೆ ರೂಪಿಸಿದರೆಂಬ ವಿಡಿಯೊ ನೋಡುತ್ತಾನೆ. ಅಜ್ಜ ನನಗೆ ತೋರಿಸಿದ ಚೌಕಿಯೇ ಅದು. ಈಗ ತಯಾರಕರೂ ಇದಕ್ಕೆ ಒದಗುತ್ತಿದ್ದಾರೆ. ಅದೇ ಸ್ವೀಡನ್ನಿನವರು ‘ಸೋಮಾ’ ಎಂಬ ತಮ್ಮ ಇನ್ನೊಂದು ಆಟಕ್ಕೆ 2017ರಲ್ಲಿ ಭೂತಗಳು ಕೊಲ್ಲಲಾಗದ ‘ಸೇಫ್ ಮೋಡ್’ ಸೇರಿಸಿದರು. ‘ಗ್ರೌಂಡೆಡ್’ ಎಂಬ ಆಟದಲ್ಲಿ ಜೇಡಕ್ಕೆ ಅಂಜುವವರು ಅದರ ಕಾಲುಗಳನ್ನೇ ಮಾಯ ಮಾಡಿಕೊಳ್ಳಬಹುದು. ಇವೆಲ್ಲ ಸಾಲದಾದಾಗ ಮಗ ಮಾಡುವ ಕೊನೆಯ ಉಪಾಯ ಒಂದೇ: ಭಯವಾಗುತ್ತಿದೆ ಎಂದು ಬಾಯಿಬಿಟ್ಟು ಹೇಳಿ ಯಾರನ್ನಾದರೂ ಪಕ್ಕದಲ್ಲಿ ಕೂರಿಸಿಕೊಳ್ಳುವುದು.

ನನ್ನ ಮನಸ್ಸಿಗೆ ಚುಚ್ಚಿದ್ದು ಈ ಕೊನೆಯ ಉಪಾಯ. ಏಕೆಂದರೆ ಆ ದಿನಗಳಲ್ಲಿ ನಾನು ಅದನ್ನು ಮಾಡಿರಲಿಲ್ಲ, ಊರಿನಲ್ಲಿರುವ ನನ್ನವರೂ ಮಾಡಿರಲಿಲ್ಲ.

ನವೆಂಬರ್‌ನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಶಿವಮೊಗ್ಗದ ಆಸ್ಪತ್ರೆಗೆ ಸೇರಿದ್ದರು. ಆರು ದಿನ ನನಗೆ ಯಾರೂ ಹೇಳಲಿಲ್ಲ. ವಿಡಿಯೊ ಕರೆ ಮಾಡಿದರೆ ನೆಟ್‌ವರ್ಕ್ ಇಲ್ಲ ಎನ್ನುತ್ತಿದ್ದರು. ಅಮ್ಮ ಎಲ್ಲಿ ಎಂದರೆ ದೇವಸ್ಥಾನಕ್ಕೆ ಹೋಗಿದ್ದಾರೆ, ಮಲಗಿದ್ದಾರೆ ಎಂಬ ಉತ್ತರ. ಕೊನೆಗೆ ಅಕ್ಕ, "ಅಷ್ಟು ದೂರದಲ್ಲಿ ಒಬ್ಬನೇ ಇದ್ದೀಯ, ಗಾಬರಿ ಆಗ್ತೀಯ ಅಂತ ಹೇಳಲಿಲ್ಲ ಕಣೋ" ಎಂದಳು. ಆ ಆರು ರಾತ್ರಿ ನಾನು ಕಲ್ಪಿಸಿಕೊಂಡದ್ದರ ಮುಂದೆ ಸೊಂಟದ ಮೂಳೆಯ ಬಿರುಕು ಏನೇನೂ ಅಲ್ಲ. ಬಾಗಿಲ ಸಂದಿನ ಭೂತ ಎದುರಿಗೆ ನಿಂತ ಭೂತಕ್ಕಿಂತ ದೊಡ್ಡದಾಗಿರುತ್ತದೆ.

ಅಕ್ಕನ ಮೇಲೆ ರೇಗಿದೆ. ಆದರೆ ರೇಗುವ ಯೋಗ್ಯತೆ ನನಗಿರಲಿಲ್ಲ. ಮಾರ್ಚ್‌ಗೆ ಮುಗಿಯುವ ನನ್ನ ಉದ್ಯೋಗದ ಒಪ್ಪಂದವನ್ನು ಮುಂದುವರಿಸುವುದಿಲ್ಲವೆಂದು ಅಕ್ಟೋಬರ್‌ನಲ್ಲೇ ನನಗೆ ತಿಳಿಸಿದ್ದರು. ಅದನ್ನು ಅಮ್ಮನಿಗಾಗಲಿ ಅಕ್ಕನಿಗಾಗಲಿ ಹೇಳಿರಲಿಲ್ಲ. ವಯಸ್ಸಾದವರು, ನಿದ್ದೆಗೆಡುತ್ತಾರೆ ಎಂಬುದು ನನ್ನ ನೆಪ. ವಾರಕ್ಕೆ ಮೂರು ಸಲ ಫೋನಿನಲ್ಲಿ ನಗುತ್ತ ಮಾತನಾಡುತ್ತಿದ್ದೆವು. ಎರಡು ಕಡೆಯೂ ದೀಪವಾರಿಸಿ ಕುಳಿತಿದ್ದೆವು.

ತೊಂಬತ್ತರ ದಶಕದಲ್ಲಿ ಕರ್ನಾಟಕದ ಹಲವೆಡೆ ಮನೆಗಳ ಬಾಗಿಲ ಮೇಲೆ ‘ನಾಳೆ ಬಾ’ ಎಂದು ಬರೆದದ್ದು ನನ್ನ ವಯಸ್ಸಿನವರಿಗೆ ನೆನಪಿರಬಹುದು. ರಾತ್ರಿ ದೆವ್ವವೊಂದು ಬಂದು, ಮನೆಯವರ ಧ್ವನಿಯಲ್ಲೇ ಕರೆದು ಕದ ತಟ್ಟುತ್ತದೆ, ತೆರೆದರೆ ಕಥೆ ಮುಗಿಯಿತು ಎಂಬ ವದಂತಿ. ಬರಹ ಓದಿ ದೆವ್ವ ಹಿಂದಿರುಗುತ್ತದೆ, ಮರುದಿನ ಬಂದು ಮತ್ತೆ ಅದನ್ನೇ ಓದುತ್ತದೆ ಎಂಬ ನಂಬಿಕೆ. ಆಟದಲ್ಲಿ ಈ ಉಪಾಯ ನಡೆಯುತ್ತದೆ. ನಿಲ್ಲಿಸುವ ಗುಂಡಿ ಒತ್ತಿದರೆ ಭೂತ ಎಷ್ಟು ದಿನ ಬೇಕಾದರೂ ಕಾಯುತ್ತದೆ. ಬದುಕಿನ ಭೂತಕ್ಕೆ ಅಕ್ಷರ ಬರುವುದಿಲ್ಲ. ಒಪ್ಪಂದ ಮಾರ್ಚ್‌ಗೆ ಮುಗಿಯುವುದು ಮಾರ್ಚ್‌ಗೇ ಮುಗಿಯುತ್ತದೆ.

ನಮ್ಮೂರಿನ ಹತ್ತಿರದ ವೈನ್ಸ್‌ಬರ್ಗ್‌ನಲ್ಲಿ ಯುಸ್ಟಿನುಸ್ ಕೆರ್ನರ್ ಎಂಬ ವೈದ್ಯ ಕವಿಯ ಮನೆಯಿದೆ. ಈಗ ಅದು ವಸ್ತುಸಂಗ್ರಹಾಲಯ. ಈ ಸೀಮೆಯ ಪ್ರೆವೋರ್ಸ್ಟ್ ಎಂಬ ಹಳ್ಳಿಯಲ್ಲಿ ಹುಟ್ಟಿದ ಫ್ರೀಡರಿಕೆ ಹೌಫೆ ಎಂಬ ಹೆಣ್ಣುಮಗಳಿಗೆ ಪ್ರೇತಗಳು ಕಾಣಿಸುತ್ತಿದ್ದವಂತೆ. ಕೆರ್ನರ್ ಆಕೆಗೆ ಚಿಕಿತ್ಸೆ ನೀಡಿದ, ತನ್ನ ಮನೆಯಲ್ಲೇ ಇರಿಸಿಕೊಂಡ, ಆಕೆ ಹೇಳಿದ್ದನ್ನೆಲ್ಲ ಕೇಳಿ ಬರೆದಿಟ್ಟ. ಆಕೆ ತೀರಿಕೊಂಡ 1829ರಲ್ಲೇ ಆ ಪುಸ್ತಕ ಪ್ರಕಟವಾಯಿತು. ಪ್ರೇತಗಳಿದ್ದವೇ ಇಲ್ಲವೇ ಎಂಬ ಚರ್ಚೆ ನನಗೆ ಬೇಡ. ಹೆದರಿದವಳ ಮಾತನ್ನು ಒಬ್ಬರು ಕುಳಿತು ಕೇಳಿದರಲ್ಲ, ಅದು ನನಗೆ ಮುಖ್ಯ.

ಆ ಶನಿವಾರದ ಮರುದಿನ ಬೆಳಗ್ಗೆ, ಊರಿನಲ್ಲಿ ಮಧ್ಯಾಹ್ನದ ಊಟ ಮುಗಿದಿರುವ ಹೊತ್ತಿಗೆ, ಅಮ್ಮನಿಗೆ ಫೋನ್ ಮಾಡಿ ಕೆಲಸದ ವಿಷಯ ಹೇಳಿದೆ. ಭಯವಾಗುತ್ತಿದೆ ಎಂದೂ ಹೇಳಿದೆ. ನಲವತ್ತಾರರ ಗಂಡಸಿಗೆ ಆ ಮಾತು ಹೊರಡಿಸಲು ಕಷ್ಟವಾಯಿತು. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಇಷ್ಟೇನಾ? ನಿನ್ನ ದನಿ ಎರಡು ತಿಂಗಳಿಂದ ಸರಿ ಇರಲಿಲ್ಲ. ದೊಡ್ಡ ಕಾಯಿಲೆ ಏನೋ ಬಂದಿದೆ, ನನ್ನ ಹತ್ರ ಮುಚ್ಚಿಡ್ತಿದ್ದೀಯ ಅಂತ ನಾನು ರಾತ್ರಿ ನಿದ್ದೆ ಮಾಡಿಲ್ಲ ಮಾರಾಯ" ಎಂದರು. ಯಾರ ನಿದ್ದೆ ಉಳಿಸಲೆಂದು ಸತ್ಯವನ್ನು ಮುಚ್ಚಿಟ್ಟಿದ್ದೆನೋ ಅವರ ನಿದ್ದೆಯನ್ನೇ ಕಳೆದಿದ್ದೆ.

ಆದ್ದರಿಂದ ಊರಿನಲ್ಲಿರುವ ತಂದೆ ತಾಯಿಗಳಲ್ಲಿ, ಅಕ್ಕ ಅಣ್ಣಂದಿರಲ್ಲಿ ನನ್ನ ವಿನಂತಿ ಇಷ್ಟು: ಕೆಟ್ಟ ಸುದ್ದಿಯನ್ನು ಮುಚ್ಚಿಡಬೇಡಿ. ದೂರದಲ್ಲಿರುವವನಿಗೆ ನಿಮ್ಮ ಮೌನವೂ ಕೇಳಿಸುತ್ತದೆ. ಆಸ್ಪತ್ರೆಯ ಹೆಸರು, ವೈದ್ಯರು ಹೇಳಿದ್ದು, ಮುಂದೇನು ಎಂಬುದನ್ನು ಅಂದೇ ತಿಳಿಸಿ. ವಿಮಾನ ಹತ್ತಬೇಕೇ ಬೇಡವೇ ಎಂದು ಅವನು ನಿರ್ಧರಿಸಲಿ. ಇಲ್ಲಿಗೆ ಬರಲು ಸಿದ್ಧರಾಗುತ್ತಿರುವ ಕಿರಿಯರಿಗೂ ಒಂದು ಮಾತು. ಭಾಷೆ, ವೀಸಾ, ಚಳಿಯ ಉಡುಪುಗಳ ಜೊತೆಗೆ ‘ನನಗೆ ಭಯವಾಗುತ್ತಿದೆ, ಸ್ವಲ್ಪ ಕೂತಿರಿ’ ಎಂದು ಹೇಳುವ ಅಭ್ಯಾಸವನ್ನೂ ಮಾಡಿಕೊಂಡು ಬನ್ನಿ. ಅದನ್ನು ಹೇಳಿಕೊಳ್ಳಲು ಇಬ್ಬರಾದರೂ ಇರಲಿ: ಊರಿನಲ್ಲಿ ಒಬ್ಬರು, ಇಲ್ಲಿ ಒಬ್ಬರು. ಮೊದಲ ಚಳಿಗಾಲದ ಸಂಜೆಗಳಲ್ಲಿ ಅದರ ಬೆಲೆ ತಿಳಿಯುತ್ತದೆ.

ಮಾರ್ಚ್‌ನಲ್ಲಿ ನನ್ನ ಕೆಲಸ ಹೋಯಿತು. ಜುಲೈನಲ್ಲಿ, ಹಿಂದಿನದಕ್ಕಿಂತ ಕಡಿಮೆ ಸಂಬಳಕ್ಕೆ, ಇನ್ನೊಂದು ಸಿಕ್ಕಿತು. ನಡುವಿನ ಪ್ರತಿ ಸಂದರ್ಶನದ ದಿನವೂ ಅಮ್ಮನಿಗೆ ಗೊತ್ತಿತ್ತು. ಅವರು ಕೋಲು ಹಿಡಿದು ಅಂಗಳದವರೆಗೆ ನಡೆದ ದಿನವೂ, ಮತ್ತೆ ನೋವು ಮರುಕಳಿಸಿದ ದಿನವೂ ನನಗೆ ಗೊತ್ತಿತ್ತು.

ಮಗ ಆ ಆಟವನ್ನು ಇನ್ನೂ ಮುಗಿಸಿಲ್ಲ. ಒಂದು ನೆಲಮಾಳಿಗೆಯ ಬಾಗಿಲ ಮುಂದೆ ನಿಂತಿದ್ದಾನಂತೆ. ಈಗ ಮತ್ತೆ ಹೊತ್ತು ಬೇಗ ಮುಳುಗತೊಡಗಿದೆ. ಮೊನ್ನೆ, "ಅಪ್ಪ, ಈ ಶನಿವಾರ ಬಿಡುವಿದೆಯಾ?" ಎಂದು ಕೇಳಿದ. ಇದೆ ಎಂದಿದ್ದೇನೆ.