ಬೈಕಿಗೆ ಜಿಪಿಎಸ್ಸು: ಮನೆಗೆ ಮಾತಾಡೋ ಫೋನನ್ನ ಮಳೆಗೆ ಕಟ್ಟಬೇಡಿ

ದಸರಾ ಮುಗೀತು, ಕೊನೆಕೊಯ್ಲು ಶುರುವಾಗೋಕೆ ಇನ್ನೂ ಸ್ವಲ್ಪ ದಿನ ಇದೆ. ನಮ್ಮ ಕಡೆಯ ನಾಲ್ಕೈದು ಜನ ಬೈಕಲ್ಲಿ ಯಲ್ಲಾಪುರ, ಜೋಯಿಡಾ ಕಡೆ ತೋಟ ನೋಡೋಕೆ ಹೊರಟಿದ್ದಾರೆ. "ನೀವು ಹೋದ ವರ್ಷ ಹೋಗಿದ್ರಲ್ಲ, ಮಳೆಗೆ ಹಾಳಾಗದ ಜಿಪಿಎಸ್ ಕಮ್ಮಿ ರೇಟಲ್ಲಿ ಯಾವುದಿದೆ?" ಅಂತ ಕೇಳಿದ್ರು. ಒಬ್ಬೊಬ್ಬರಿಗೆ ಹೇಳೋ ಬದಲು ಇಲ್ಲೇ ಬರೀತೀನಿ.

ಹೋದ ವರ್ಷ ನಾನು ಮಾಡಿದ್ದು ಇಷ್ಟು. ಪೇಟೆಯಲ್ಲಿ 'ವಾಟರ್‌ಪ್ರೂಫ್' ಅಂತ ಬರೆದಿದ್ದ ಪೌಚು ತಂದೆ, ಇದ್ದ ಒಂದೇ ಫೋನನ್ನ ಅದರಲ್ಲಿಟ್ಟು ಹ್ಯಾಂಡಲ್ಲಿಗೆ ಕಟ್ಟಿದೆ. ಯಲ್ಲಾಪುರ ದಾಟಿದ ಮೇಲೆ ಮಳೆ ಹಿಡೀತು. ಚಾರ್ಜರ್ ವೈರಿಗೆ ಬಿಟ್ಟಿದ್ದ ತೂತಿಂದ ನೀರು ಒಳಗೆ ಹೋಯ್ತು. ಫೋನು ಸತ್ತಿತು. ದಾರಿಯನ್ನ ಟೀ ಅಂಗಡಿಯವರು ತೋರಿಸಿದ್ರು, ಅದೇನು ದೊಡ್ಡದಲ್ಲ. ಆದರೆ ಅದೇ ರಾತ್ರಿ ಮನೆಯಲ್ಲಿ ಗಬ್ಬದ ಹಸು ಕಷ್ಟಕ್ಕೆ ಬಿತ್ತು. ಹೆಂಡತಿ ಹನ್ನೊಂದು ಸಲ ಫೋನ್ ಮಾಡಿದ್ದಾಳೆ. ಪಶು ಡಾಕ್ಟ್ರ ನಂಬರು ಇದ್ದಿದ್ದು ನನ್ನ ಫೋನಲ್ಲಿ ಮಾತ್ರ. ಪಕ್ಕದ ಮನೆಯವರು ಓಡಾಡಿ ಡಾಕ್ಟ್ರನ್ನ ಕರೆತರೋ ಹೊತ್ತಿಗೆ ಬೆಳಗಾಗಿತ್ತು. ಹಸು ಉಳೀತು, ಕರು ಉಳೀಲಿಲ್ಲ.

ಹಾಗಾಗಿ ನನ್ನ ಅಭಿಪ್ರಾಯ ಒಂದೇ. ದಾರಿ ತೋರಿಸೋ ಯಂತ್ರ ಬೇರೆ ಇರಲಿ, ಮನೆಗೆ ಮಾತಾಡೋ ಫೋನು ಬೇರೆ ಇರಲಿ. ಎರಡನೆಯದು ಒಣಗಿದ ಚೀಲದಲ್ಲಿ, ಮೈಗೆ ಹತ್ತಿರ ಇರಬೇಕು.

ಇದಕ್ಕೆ ದೊಡ್ಡ ಖರ್ಚು ಬೇಡ. ಬಹಳ ಜನ ತಿಳಿದಿರೋ ಹಾಗೆ ಜಿಪಿಎಸ್ಸಿಗೆ ನೆಟ್ ಬೇಕಿಲ್ಲ, ಸಿಮ್ಮೂ ಬೇಕಿಲ್ಲ. ಅದು ಉಪಗ್ರಹದಿಂದ ಪುಕ್ಕಟೆ ಬರೋ ಸಿಗ್ನಲ್ಲು. ನೆಟ್ ಬೇಕಾಗೋದು ನಕ್ಷೆ ಇಳಿಸಿಕೊಳ್ಳೋಕೆ. ಮನೆಯಲ್ಲಿ ಮೂಲೆಗೆ ಬಿದ್ದಿರೋ ಹಳೇ ಸ್ಮಾರ್ಟ್‌ಫೋನ್ ತೆಗೀರಿ. ಆರ್ಗ್ಯಾನಿಕ್ ಮ್ಯಾಪ್ಸ್ ಅಥವಾ ಗೂಗಲ್ ಮ್ಯಾಪಲ್ಲಿ ಹೋಗೋ ಕಡೆಯ ನಕ್ಷೆಯನ್ನ ಹೊರಡೋ ಮುಂಚೆಯೇ ಇಳಿಸಿಕೊಳ್ಳಿ. ಸಿಮ್ ಇಲ್ಲದ ಫೋನು ಮೊದಲ ಸಲ ಜಾಗ ಹಿಡಿಯೋಕೆ ಕೆಲವು ನಿಮಿಷ ತಗೊಳ್ಳುತ್ತೆ. ಬಯಲಲ್ಲಿ ನಿಂತು ಕಾಯಿರಿ, ಕೆಟ್ಟಿದೆ ಅಂತ ಬೈಬೇಡಿ.

ಹೊಸ ಯಂತ್ರವೇ ಬೇಕು ಅನ್ನೋರು ಡಬ್ಬಿ ಮೇಲಿನ 'ವಾಟರ್‌ಪ್ರೂಫ್' ಅನ್ನೋ ಪದ ನೋಡಬೇಡಿ, ಅಂಕಿ ನೋಡಿ. ಐಪಿಎಕ್ಸ್ 4 ಅಂದ್ರೆ ನೀರು ಸಿಡಿದರೆ ತಡೀತದೆ ಅಷ್ಟೆ. ಐಪಿಎಕ್ಸ್ 7 ಅಂದ್ರೆ 1 ಮೀಟರ್ ನೀರಲ್ಲಿ 30 ನಿಮಿಷ ಮುಳುಗಿದರೂ ತಡೀಬೇಕು. ನಮ್ಮ ಹುಲಿಕಲ್ ಘಾಟಿ ಮಳೆಗೆ 7 ಇರೋದೇ ಮೇಲು. ಅಂಕಿಯೇ ಬರೆದಿಲ್ಲ ಅಂದ್ರೆ ಬಿಟ್ಟುಬಿಡಿ.

ಗಾರ್ಮಿನ್ ಕಂಪನಿಯ ಇಟ್ರೆಕ್ಸ್ ತರಹದ ಕೈಯಲ್ಲಿ ಹಿಡಿಯೋ ಯಂತ್ರಗಳು ಐಪಿಎಕ್ಸ್ 7 ಇವೆ. ಅದರಲ್ಲಿ ಕೆಲವು ಮಾದರಿಗಳು ಎರಡು ಪೆನ್ಸಿಲ್ ಸೆಲ್ಲಲ್ಲಿ ನಡೀತವೆ, ಸೆಲ್ಲು ಯಾವ ಹಳ್ಳಿ ಅಂಗಡಿಯಲ್ಲೂ ಸಿಗ್ತದೆ. ಗುಂಡಿ ಒತ್ತೋ ಮಾದರಿಗಳು ಒದ್ದೆ ಗ್ಲೌಸಲ್ಲೂ ಕೆಲಸ ಮಾಡ್ತವೆ. ಮುಟ್ಟೋ ಪರದೆಯ ಫೋನಿಗೆ ಮಳೆಹನಿಯೇ ಬೆರಳಾಗಿಬಿಡುತ್ತೆ. ಆದರೆ ಇಟ್ರೆಕ್ಸ್ ಪರದೆ ಬೆಂಕಿಪೊಟ್ಟಣದಷ್ಟು, ಅದು ಬಾಯಿ ಬಿಟ್ಟು "ಎಡಕ್ಕೆ ತಿರುಗಿ" ಅನ್ನಲ್ಲ. ಬೈಕಿಗೆಂದೇ ಮಾಡಿದ ಜ಼ೂಮೋ ತರಹದ್ದು ಚೆನ್ನಾಗಿದೆ, ಆದರೆ ವರ್ಷಕ್ಕೊಂದು ಸಲ ಹೋಗೋ ನಮ್ಮಂಥವರಿಗೆ ಆ ದುಡ್ಡು ಹಾಕೋದು ದಂಡ. ಆ ದುಡ್ಡಲ್ಲಿ ತೋಟಕ್ಕೆ ಗೊಬ್ಬರ ಬರ್ತದೆ.

ಇನ್ನೊಂದು ಮಾತು. ಒಳ್ಳೇ ಕ್ಯಾಮೆರಾದ ಫೋನನ್ನ ಹ್ಯಾಂಡಲ್ಲಿಗೆ ಕಟ್ಟಬೇಡಿ. ಇಂಜಿನ್ ನಡುಕಕ್ಕೆ ಕ್ಯಾಮೆರಾ ಕೆಡಬಹುದು ಅಂತ ಐಫೋನ್ ಮಾಡೋ ಆಪಲ್ ಕಂಪನಿಯೇ 2021ರಲ್ಲಿ ಹೇಳಿದೆ.

ಪೌಚು ತಂದರೆ ಮೊದಲು ಮನೆಯಲ್ಲಿ ಪರೀಕ್ಷೆ ಮಾಡಿ. ಒಳಗೆ ಪೇಪರ್ ಚೂರು ಇಟ್ಟು, ಅರ್ಧ ಗಂಟೆ ಬಕೆಟ್ಟಲ್ಲಿ ಅದುಮಿಡಿ. ಪೇಪರ್ ಒಣಗಿದ್ದರೆ ಮಾತ್ರ ಫೋನ್ ಇಡಿ. ಮಳೆಯಲ್ಲಿ ವೈರ್ ಹಾಕಿ ಚಾರ್ಜ್ ಮಾಡಬೇಡಿ. ನಿಂತಲ್ಲಿ, ಒರೆಸಿ, ಆಮೇಲೆ ಪವರ್‌ಬ್ಯಾಂಕ್ ಹಾಕಿ.

ಇದನ್ನೆಲ್ಲ ಮಾಡೋಕೆ ಪುರುಸೊತ್ತಿಲ್ಲ ಅನ್ನೋರು ಒಂದನ್ನಾದರೂ ಮಾಡಿ. ಹೊರಡೋ ಮುಂಚೆ ಪಶು ಡಾಕ್ಟ್ರು, ಆಸ್ಪತ್ರೆ, ಜೊತೆಗೆ ಹೋಗೋ ಇಬ್ಬರ ನಂಬರನ್ನ ಅಡಿಗೆಮನೆ ಗೋಡೆ ಮೇಲೆ ದಪ್ಪಕ್ಷರದಲ್ಲಿ ಬರೆದಿಡಿ. ನಮ್ಮನೇಲಿ ಈಗ ಬರೆದಿದೆ. ಹೋದ ವರ್ಷವೇ ಬರೀಬೇಕಿತ್ತು.