ಹೊಸ ಊರು, ಹೊಸ ಸಂಸಾರ: ದೋಣಿಪ್ರಿಯರು ನಿಜ್ವಾಕ್ಕೆ ಬಂದಾಗ

ಮಲ್ಪೆ, ಗಂಗೊಳ್ಳಿ, ಕಾರವಾರದ ಕಡೆಯ ಹೊಸ ಜೋಡಿಗಳಿಗೆ ದೋಣಿಯ ಹುಚ್ಚು ಹುಟ್ಟಿನಿಂದಲೇ ಬಂದದ್ದು. ಒಮಾನ್ ಎಂದೊಡನೆ ಅವರ ಕಣ್ಣೆದುರು ಬರುವುದು ಕಡಲು. ಆದರೆ ಕೆಲಸ ನಿಜ್ವಾದಲ್ಲಿ ಸಿಕ್ಕರೆ? ಅದು ಮಸ್ಕತ್ತಿನಿಂದ ಸುಮಾರು 140 ಕಿ.ಮೀ. ಒಳನಾಡು. ಅಲ್ಲಿರುವುದು ಬೆಟ್ಟ, ಕೋಟೆ, ಖರ್ಜೂರದ ತೋಟ.

ಮಸ್ಕತ್ತಿನಲ್ಲಿ ಮನೆ ಮಾಡಿ ದಿನಾ ಓಡಾಡುತ್ತೇವೆ ಎನ್ನುವವರಿದ್ದಾರೆ. ಹೋಗಿಬರಲು ಮೂರು ಗಂಟೆ ರಸ್ತೆಯಲ್ಲೇ ಕಳೆಯುತ್ತದೆ. ಕಡಲು ಹತ್ತಿರವಾಗುತ್ತದೆ, ನಿಜ. ಗಂಡ ಹೆಂಡತಿ ದೂರವಾಗುತ್ತಾರೆ. ನಿಜ್ವಾದಲ್ಲೇ ಮನೆ ಮಾಡಿ, ಕಡಲನ್ನು ಶುಕ್ರವಾರ, ಶನಿವಾರಕ್ಕೆ ಇಟ್ಟುಕೊಳ್ಳಿ. ಚಳಿಗಾಲದಲ್ಲಿ ಮಸ್ಕತ್ತಿನಿಂದ ದೋಣಿ ವಿಹಾರಕ್ಕೆ ಹೋಗಬಹುದು. ರಜೆ ಉದ್ದವಿದ್ದರೆ ಸೂರ್‌ಗೆ ಹೋಗಿ. ಮರದ ಹಡಗು ಕಟ್ಟುವುದಕ್ಕೆ ಹೆಸರಾದ ಊರದು. ಅಲ್ಲಿನ ಹಡಗುಗಳಿಗೆ ಹಿಂದೆ ಮಲಬಾರಿನ ತೇಗ ಹೋಗುತ್ತಿತ್ತು.

ವಾರದ ಸಂಜೆಗಳಿಗೆ ಫಲಜ್ ದಾರಿಸ್ ಇದೆ. 2006ರಲ್ಲಿ ಯುನೆಸ್ಕೋ ವಿಶ್ವಪರಂಪರೆಯ ಪಟ್ಟಿಗೆ ಸೇರಿದ ಒಮಾನಿನ ಐದು ಫಲಜ್‌ಗಳಲ್ಲಿ ಇದೂ ಒಂದು. ನೆಲದಡಿಯ ನೀರು ಪಂಪಿನ ಹಂಗಿಲ್ಲದೆ, ಇಳಿಜಾರಿನಲ್ಲೇ ಹರಿದು ತೋಟ ಸೇರುತ್ತದೆ. ಫಲಜ್ ನೀರನ್ನು ಹಂಚುವುದು ಹೊತ್ತಿನ ಲೆಕ್ಕದಲ್ಲಿ. ಹಿಂದೆ ಹಗಲು ನೆರಳು ನೋಡಿ, ರಾತ್ರಿ ನಕ್ಷತ್ರ ನೋಡಿ ಸರದಿ ಗೊತ್ತುಮಾಡುತ್ತಿದ್ದರು.

ಹೊಸ ಸಂಸಾರಕ್ಕೂ ಈ ಲೆಕ್ಕ ಒಳ್ಳೆಯದು. ಕೆಲಸಕ್ಕೆ ಹೋಗುವವರ ಸರದಿ ವಾರದ ಐದು ದಿನ. ನೆಂಟರಿಲ್ಲದ ಊರಿನಲ್ಲಿ ಅಷ್ಟೂ ದಿನ ಮನೆಯಲ್ಲಿದ್ದವರಿಗೆ ಉಳಿದೆರಡು ದಿನ ಸಲ್ಲಬೇಕು. ಕಡಲೋ ಬೆಟ್ಟವೋ, ಅವರೇ ಹೇಳಲಿ.